ಅರ್ಧ ಡೋಸ್

"ಚಾಕು ಕೆಳಗಿಡಿ."

ಹೊಸದಾಗಿ ಬಂದಿದ್ದ ಸರ್ಜನ್‌ನ ಕೈ ಗಾಳಿಯಲ್ಲೇ ನಿಂತಿತು. ಮೇಜಿನ ಮೇಲಿದ್ದ ಹಂದಿಯ ರೆಪ್ಪೆ ಸಣ್ಣಗೆ ಅದುರಿದ್ದನ್ನು ಅವನು ಕಂಡಿರಲಿಲ್ಲ. ಅರಿವಳಿಕೆ ಕೊಡುವ ಪಶುವೈದ್ಯೆ ಕಂಡಿದ್ದಳು.

ಬೇರೆಯವರಾಗಿದ್ದರೆ ಸಿಡುಕುತ್ತಿದ್ದರು. ಅವನು ಚಾಕು ಇಟ್ಟು, ಎರಡು ಹೆಜ್ಜೆ ಹಿಂದೆ ಸರಿದು ಸುಮ್ಮನೆ ಕಾದ. ಮಾಸ್ಕ್ ಮೇಲಿನ ಆ ಕಣ್ಣುಗಳು... ಅವಳು ಬೇಗನೆ ಸೂಜಿಯತ್ತ ತಿರುಗಿದಳು.

ಅಪಘಾತದಲ್ಲಿ ಮೂಳೆ, ಶ್ವಾಸಕೋಶ, ಯಕೃತ್ತು ಒಟ್ಟಿಗೇ ಪೆಟ್ಟು ತಿಂದವರಲ್ಲಿ, ಪೆಟ್ಟೇ ಬೀಳದ ಮೂತ್ರಪಿಂಡವೂ ನಾಲ್ಕು ದಿನಕ್ಕೆ ಕೈಕೊಡುವುದೇಕೆ? ಹಂದಿಗಳ ಮೇಲೆ ಪ್ರಯೋಗ ನಡೆಸಿ ಅದನ್ನು ಹುಡುಕುವ ಲ್ಯಾಬ್ ಅದು. ಕಿಟಕಿಯಿಲ್ಲ. ಎರಡು ಬಾಗಿಲು, ಒಂದು ಮುಚ್ಚದೆ ಇನ್ನೊಂದು ತೆರೆಯದು.

ಲ್ಯಾಬಿನ ಮುಖ್ಯಸ್ಥ ಅವಳ ಒಡಹುಟ್ಟಿದ ಅಣ್ಣ. ಅಪ್ಪ ಅಮ್ಮ ಹೋದ ಮೇಲೆ ಸಾಕಿ, ಓದಿಸಿ, ಕೆಲಸ ಕೊಟ್ಟವನು. ಅವನ ಕಾರಿನಲ್ಲೇ ಬರುವುದು, ಅವನ ಕಾರಿನಲ್ಲೇ ಮನೆಗೆ ಹೋಗುವುದು. ಎದುರಾಡಿ ಅವಳಿಗೆ ಗೊತ್ತೇ ಇರಲಿಲ್ಲ.

ಬರಬರುತ್ತಾ ಸರ್ಜನ್ ಕಾಫಿ ಹೊತ್ತಿಗೆ ಮೆಟ್ಟಿಲ ಮೇಲೆ ಅವಳ ಪಕ್ಕ ಕೂರತೊಡಗಿದ. ತನ್ನ ಕೈಯಲ್ಲೇ ಜೀವ ಬಿಟ್ಟ ರೋಗಿಗಳ ಬಗ್ಗೆ ಹೇಳಿಕೊಳ್ಳುತ್ತಿದ್ದ. ದಿನವಿಡೀ ಅವಳಿಗೆ ಉಸಿರಾಡಿದಂತೆ ಅನಿಸುತ್ತಿದ್ದುದು ಆ ಹತ್ತು ನಿಮಿಷ ಮಾತ್ರ.

ಒಂದು ಬೆಳಿಗ್ಗೆ ಶಸ್ತ್ರಚಿಕಿತ್ಸೆಯಾಗಿದ್ದ ಹಂದಿ ನೋವು ತಾಳಲಾರದೆ ಹಲ್ಲು ಕಡಿಯುತ್ತಿತ್ತು. ಔಷಧಿಯ ಹಾಳೆ ನೋಡಿದರೆ ನೋವಿನ ಮದ್ದು ಅರ್ಧಕ್ಕೆ ಇಳಿದಿತ್ತು! ಸರ್ಜನ್ ಹೇಳಿದ್ದಕ್ಕೇ ಇಳಿಸಿದ್ದು ಎಂದ ಅಣ್ಣ.

'ಇಷ್ಟೇನಾ ಇವನು...?'

ಉಳಿದರ್ಧ ಮದ್ದನ್ನು ಅವಳೇ ಕೊಟ್ಟಳು, ಆದರೆ ಬಾಯಿ ಬಿಡಲಿಲ್ಲ. ಮೆಟ್ಟಿಲ ಕಡೆ ಮತ್ತೆ ತಲೆಹಾಕಲೂ ಇಲ್ಲ.

ವಾರದ ಬಳಿಕ ಅವನೇ ಬಂದು ನಿಂತ.

"ನಾಳೆಯಿಂದ ನಾನು ಬರಲ್ಲ. ಅರ್ಧ ಡೋಸಿಗೆ ಸಹಿ ಹಾಕಲ್ಲ ಅಂದೆ. ನೀವು ಒಪ್ಪಿದ್ದೀರಂತೆ, ನಿಮ್ಮಣ್ಣ ಹೇಳಿದ್ರು. ನಿಮ್ಮಿಂದ ಇದನ್ನ ನಿರೀಕ್ಷಿಸಿರಲಿಲ್ಲ."

ಅವನು ಹೊರಟ. ಅವಳು ಹಿಂದೆಯೇ ಓಡಿದಳು. ಅವನ ಹಿಂದೆ ಹೊರಬಾಗಿಲು ನಿಧಾನವಾಗಿ ಮುಚ್ಚಿ, ಒಳಬಾಗಿಲು ತೆರೆಯುವಷ್ಟರಲ್ಲಿ ಕಾರಿಡಾರ್ ಖಾಲಿಯಾಗಿತ್ತು.

ಅವಳು ಹೋಗಿ ಕೇಳಿದಾಗ ಅಣ್ಣ ಸುಳ್ಳನ್ನು ಅಲ್ಲಗಳೆಯಲಿಲ್ಲ. ನೋವಿನ ಮದ್ದು ನಾವು ಅಳೆಯಬೇಕಾದ ಊತವನ್ನೂ ಇಳಿಸುತ್ತದೆ, ಫಲಿತಾಂಶ ಕೆಡುತ್ತದೆ, ಇನ್ನು ಆರೇ ಹಂದಿ, ಸುಮ್ಮನಿರು ಎಂದ. ಅವಳು ತಲೆಯಾಡಿಸದಿದ್ದಾಗ ಅವನ ದನಿ ಒಡೆಯಿತು.

"ನಿನ್ನ ಸಾಕಿದ್ದು ಇದಕ್ಕೇನಾ?"

ಆ ಒಂದು ಮಾತಿಗೆ ಅವಳು ಜೀವಮಾನವಿಡೀ ಹೆದರಿದ್ದಳು. ಅಳುತ್ತಲೇ ಕೂತು, ಪ್ರಾಣಿ ಪ್ರಯೋಗಗಳ ಮೇಲ್ವಿಚಾರಣಾ ಸಮಿತಿಗೆ ಎಲ್ಲವನ್ನೂ ಬರೆದಳು. ತನ್ನ ಒಂದು ವಾರದ ಮೌನವನ್ನೂ ಬಿಡಲಿಲ್ಲ. ಪ್ರಯೋಗ ನಿಂತಿತು. ಬ್ಯಾಗ್ ಹಿಡಿದು ಮನೆ ಬಿಡುವಾಗ ಅಣ್ಣ ಕೋಣೆಯಿಂದ ಹೊರಬರಲಿಲ್ಲ. ಅತ್ತಿಗೆ ಮಾತ್ರ ಬಾಗಿಲ ಮರೆಯಲ್ಲಿ ಕಣ್ಣೊರೆಸಿಕೊಂಡರು.

ಮರುದಿನ ಸರ್ಜನ್ ಕೆಲಸ ಮಾಡುವ ಆಸ್ಪತ್ರೆಯ ಅಪಘಾತ ವಿಭಾಗದ ಮುಂದಿನ ಬೆಂಚಿನಲ್ಲಿ ಅವನಿಗಾಗಿ ಕಾದಳು. ಅವನು ಬಂದೊಡನೆ ನಡೆದದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿ ಮುಗಿಸಿದಳು.

"ನಿಮ್ಮನ್ನ ಒಂದು ಮಾತು ಕೇಳದೆ ಅನುಮಾನಪಟ್ಟೆ."

"ನಾನೂ ಕೇಳಲಿಲ್ವಲ್ಲ," ಎಂದು ಅವನು ಪಕ್ಕದಲ್ಲಿ ಕುಳಿತ. "ಅಣ್ಣ ಮಾತಾಡಿದ್ರಾ?"

"ಫೋನ್ ಎತ್ತುತ್ತಿಲ್ಲ... ಇನ್ನು ಎತ್ತಲ್ವೇನೋ."

"ಒಟ್ಟಿಗೇ ಹೋಗೋಣ. ಬೈದ್ರೆ ಬೈಸ್ಕೊಳ್ಳೋಣ."

"ನೀವ್ಯಾಕೆ ಬೈಸ್ಕೋಬೇಕು?"

"ತಂಗೀನ ಕೊಡಿ ಅಂತ ಕೇಳೋಕೆ ಹೋಗೋನು ಬೈಸ್ಕೊಳ್ಳದೆ ಬರೋಕಾಗುತ್ತಾ?"

ಅವಳಿಗೆ ಅಳುವಿನ ನಡುವೆಯೇ ನಗು ಬಂತು.

"ಅಣ್ಣನ್ನ ಆಮೇಲೆ ಕೇಳಿ. ನನ್ನನ್ನೇ ಇನ್ನೂ ಕೇಳಿಲ್ಲ ನೀವು."

ಅವನು ಅವಳ ಕೈ ಹಿಡಿದು, ಕೇಳಿದ.