ಯಕೃತ್ತಿನ ಲಯ

ಗಾಯಕಿ ನೀಲಮ್ಮ ಅಂಗಡಿಯವರ ಬಲಪಕ್ಕೆಯ ಕೆಳಗೆ ಅಂಟಿಸಿದ ರೂಪಾಯಿ ಅಗಲದ ಬಿಲ್ಲೆ ತಬಲಾ ನುಡಿಸತೊಡಗಿತು. ಧಾ... ಧಿನ್... ಮುಂದಿನ ಪೆಟ್ಟು ಬರುವಷ್ಟರಲ್ಲಿ ವಿಜ್ಞಾನಿ ಡಾ. ವಸುಧಾ ಅರ್ಧ ಕಪ್ ಚಹಾ ಮುಗಿಸಿದ್ದರು.

"ಇದು ನಿಮ್ಮ ಲಿವರ್ ಅಕ್ಕಾರ. ಎಷ್ಟು ಕೆಲಸ ಮಾಡ್ತೈತೋ ಅಷ್ಟು ಜಲ್ದಿ ಜಲ್ದಿ ಬಾರಸ್ತೈತಿ."

"ಅಯ್ಯ! ಕೆಲಸ ಮಾಡ್ತೈತೋ, ನಿದ್ದಿ ಹೊಡೀತೈತೋ?"

ಇಸವಿ ೨೦೫೧. ನೀಲಮ್ಮ ತುಪ್ಪ ಬಿಟ್ಟು ಎರಡು ವರ್ಷವಾಗಿದ್ದರೂ ಕೊಲೆಸ್ಟರಾಲ್ ಇಳಿದಿರಲಿಲ್ಲ. ಕದ್ದು ಪೇಡೆ ತಿನ್ನುತ್ತಾರೆಂದು ಧಾರವಾಡದ ಶಿಷ್ಯೆಯರೆಲ್ಲ ಗುಸುಗುಸು. ಪಾಪ, ತಪ್ಪು ಕೊರಳಿನ ಥೈರಾಯ್ಡ್ ಗ್ರಂಥಿಯದು. ರಕ್ತದ ಕೊಬ್ಬನ್ನು ಹಿಡಿದು ವಿಲೇವಾರಿ ಮಾಡಲು ಯಕೃತ್ತಿನ ಜೀವಕೋಶಗಳಿಗೆ ಗ್ರಾಹಕಗಳೆಂಬ ಕೈಗಳಿವೆ. ಥೈರಾಯ್ಡ್ ರಸ ಕಡಿಮೆಯಾದರೆ ಆ ಕೈಗಳೂ ಕಡಿಮೆಯಾಗಿ, ಕೊಬ್ಬು ರಕ್ತದಲ್ಲೇ ಆರಾಮಾಗಿ ಅಡ್ಡಾಡುತ್ತದೆ. ವಸುಧಾ ರೂಪಿಸಿದ 'ಯಕೃತ್ ಲಯಮಾಪಕ' ಈ ಸೋಮಾರಿತನವನ್ನು ಕಿವಿಗೆ ಕೇಳಿಸುತ್ತಿತ್ತು.

ಥೈರಾಯ್ಡ್ ಗುಳಿಗೆ ಶುರುವಾಯಿತು. ಎರಡು ತಿಂಗಳಲ್ಲಿ ಬಿಲ್ಲೆ ಕುಣಿಕುಣಿದು ಬಾರಿಸಿತು. ನೀಲಮ್ಮ ಮೆಟ್ಟಿಲನ್ನು ಎರಡೆರಡಾಗಿ ಹತ್ತಿದರು.

ಎಡವಟ್ಟಾದದ್ದು ಗುರುಗಳ ಪುಣ್ಯತಿಥಿ ಕಛೇರಿಯ ತಾಲೀಮಿನಲ್ಲಿ. ಇಪ್ಪತ್ತೆಂಟು ವರ್ಷ ಅವರಿಗೆ ತಬಲಾ ಸಾಥ್ ಕೊಟ್ಟ ಮಕ್ತುಂಸಾಬರು ಹಿಂದೆ ಬಿದ್ದರು. ನೀಲಮ್ಮ ತಾಳದ ಮೊದಲ ಪೆಟ್ಟಾದ ಸಮಕ್ಕೆ ಬಂದು ನಿಂತರೆ ಅವರಿನ್ನೂ ದಾರಿಯಲ್ಲಿ.

"ಸಾಬ್ರ, ಎಳೀಬ್ಯಾಡ್ರಿ!"

"ನಾ ಎಳ್ಯಾಕತ್ತಿಲ್ರಿ, ನೀವು ಓಡಾಕತ್ತೀರಿ!"

ಮೂರನೆಯ ಸಲ ತಪ್ಪಿದಾಗ ಮಕ್ತುಂಸಾಬರು ತಬಲಾಕ್ಕೆ ಗವಸು ಹಾಕಿದರು. "ನನ್ನ ಕೈ ಮುಗೀತ್ರಿ. ಬ್ಯಾರೇದವರನ್ನ ಕರ್ಕೋರಿ."

ಸಾಬರಿಲ್ಲದೆ ನೀಲಮ್ಮ ಒಂದು ಕಛೇರಿಯನ್ನೂ ಹಾಡಿದವರಲ್ಲ. ಬಾಗಿಲಲ್ಲಿ ಸಾಬರು ಮೂರು ಮೆಟ್ಟಿಲಿಳಿಯಲು ಗೋಡೆ ಹಿಡಿದರು. ಸುಡು ಏಪ್ರಿಲ್ಲಿನಲ್ಲೂ ಮೈತುಂಬ ಶಾಲು! ಗುಳಿಗೆಗೆ ಮೊದಲು ನೀಲಮ್ಮನವರಿಗೂ ಇದೇ ಚಳಿ, ಇದೇ ಸುಸ್ತು. ನೀಲಮ್ಮ ಓಡಿಹೋಗಿ ಅಡ್ಡ ನಿಂತು ತಮ್ಮ ಬಿಲ್ಲೆ ಕಿತ್ತರು.

"ಜುಬ್ಬಾ ಎತ್ರಿ."

"ಏ, ಶಿಷ್ಯಾರ ಮುಂದ ಏನ್ರೀ ಇದು!"

ಫಟ್ಟನೆ ಅಂಟಿಸಿಯೇಬಿಟ್ಟರು. ಧಾ... ಎಲ್ಲರೂ ಕಾದರು. ಹಾರ್ಮೋನಿಯಂನವರು ಒಮ್ಮೆ ಆಕಳಿಸಿದರು. ಧಿನ್.

ತಾಲೀಮು ಕೇಳಲು ಬಂದಿದ್ದ ವಸುಧಾ ಹಣೆ ಬಡಿದುಕೊಂಡು ನಕ್ಕರು. ನಾಲ್ಕು ವರ್ಷಗಳಿಂದ ಇಬ್ಬರೂ ಜೊತೆಜೊತೆಗೇ ನಿಧಾನವಾಗುತ್ತ ಬಂದಿದ್ದರು. ಅದಕ್ಕೇ ಒಂದು ಪೆಟ್ಟೂ ತಪ್ಪಿರಲಿಲ್ಲ. ರಸಿಕರಂತೂ ಅದನ್ನು ಪಕ್ವತೆಯೆಂದು ತಲೆದೂಗಿದ್ದರು!

"ನಾಳೆನ ಥೈರಾಯ್ಡ್ ರಕ್ತ ಪರೀಕ್ಷೆ ಮಾಡ್ಸೋಣ್ರಿ ಸಾಬ್ರ," ಎಂದರು ವಸುಧಾ. " ಆದ್ರ ಗುಳಿಗಿ ನಾಟಾಕ ಎರಡು ತಿಂಗಳರ ಬೇಕು."

"ಪುಣ್ಯತಿಥಿ ಬರೋ ವಾರ ಐತ್ರಿ" ಎಂದ ಸಾಬರ ದನಿ ಸೋತಿತು.

ನೀಲಮ್ಮ ತಂಬೂರಿಯನ್ನು ಮತ್ತೆ ತೊಡೆಗೇರಿಸಿದರು. "ಗವಸು ತಗೀರಿ. ಈ ಸಲ ನಿಮ್ಮ ಲಿವರಿನ ಲಯಕ್ಕ ಹಾಡ್ತೀನಿ. ತಡಾ ಆದ್ರ ಆಗ್ಲಿ, ಸಮಕ್ಕ ಕೂಡೇ ಬರೋಣು."