ಕಿನ್ನಿಗೆ ಕೊಟ್ಟ ಹಾಲು

ಹರಿನಾಥ ರಕ್ತಕ್ಕೆ ಹೆದರುತ್ತಾನೆ ಎಂಬುದು ಭವ್ಯಶ್ರೀಗೆ ಗೊತ್ತಾದದ್ದು ಗಡಿನಾಡಾದ ಮುಳ್ಳೇರಿಯದ ವೈದ್ಯಕೀಯ ಶಿಬಿರದಲ್ಲಿ. ತನ್ನ ಇನ್ವರ್ಟರ್ ಅಂಗಡಿಯಲ್ಲಿ ದಿನವಿಡೀ ಕರೆಂಟಿನೊಂದಿಗೆ ಸರಸವಾಡುವ ಗಂಡಸು, ಸೂಜಿ ಕಂಡದ್ದೇ ತಡ, ಕಣ್ಣು ಗಟ್ಟಿಯಾಗಿ ಮುಚ್ಚಿ ಅವಳ ಶಾಲಿನ ತುದಿ ಹಿಡಿದುಕೊಂಡ.

"ಬಾವ, ಅದು ನನ್ನ ಶಾಲು. ಕುರ್ಚಿಯ ಕೈ ಆಚೆ ಉಂಟು."

"ಗೊತ್ತುಂಟು ಮಾರಾಯ್ತಿ," ಎಂದ. ಕಣ್ಣು ತೆರೆಯಲಿಲ್ಲ, ಶಾಲನ್ನೂ ಬಿಡಲಿಲ್ಲ. ನರ್ಸ್ ನಗು ತಡೆದುಕೊಂಡಳು. ಭವ್ಯಳ ಕಿವಿಯ ತುದಿ ಬಿಸಿಯಾಯಿತು.

ಬಾವ ಎಂದರೆ ನಿಜವಾಗಿಯೂ ಬಾವನೇ, ಅವಳ ತಾಯಿ ಜಲಜಾಕ್ಷಿಯ ಅಣ್ಣನ ಮಗ. ತುಳುವರ ಮನೆಗಳಲ್ಲಿ ಕುಲ ಬರುವುದು ತಾಯಿಯ ಕಡೆಯಿಂದ. ಅದಕ್ಕೆ ಬರಿ ಎನ್ನುತ್ತಾರೆ. ಒಂದೇ ಬರಿಯವರು ಅಣ್ಣತಂಗಿಯರು, ಬರಿ ಬೇರೆಯಾದರೆ ರಕ್ತವೂ ಬೇರೆ ಎಂಬುದು ಹಿರಿಯರ ಲೆಕ್ಕ. ಇವರಿಬ್ಬರ ಬರಿ ಬೇರೆ. ಭವ್ಯ ತೊಟ್ಟಿಲಲ್ಲಿದ್ದಾಗಿನಿಂದ ಎಲ್ಲರೂ ಹರಿನಾಥನ ಹೆಸರು ಹೇಳಿ ಚುಡಾಯಿಸುತ್ತಿದ್ದರು. ಆ ತಮಾಷೆ ಯಾವಾಗ ನಿಜವಾಯಿತೆಂದು ಇಬ್ಬರಿಗೂ ತಿಳಿಯದು. ಜಲಜಾಕ್ಷಿ ಮದುವೆಯಾದದ್ದೂ ಹೀಗೆಯೇ, ಸೋದರತ್ತೆಯ ಮಗ ಕಿಟ್ಟಣ್ಣನನ್ನು. ಕಿಟ್ಟಣ್ಣ ಈಗಿಲ್ಲ.

ಶಿಬಿರಕ್ಕೆ ಅವರು ಬಂದದ್ದು ಭವ್ಯಳ ತಮ್ಮ ಕಿನ್ನಿಗಾಗಿ. ಇಪ್ಪತ್ತೇಳರ ಯುವಕ, ಮಾತಿಲ್ಲ, ಶಾಲೆಯ ಮೆಟ್ಟಿಲು ಹತ್ತಿದವನಲ್ಲ, ಸಿಟ್ಟು ಬಂದರೆ ತನ್ನ ಕೈಯನ್ನೇ ಕಚ್ಚಿಕೊಳ್ಳುವವನು. ಗೇರು ತೋಟಕ್ಕೆ ಹೆಲಿಕಾಪ್ಟರಿನಿಂದ ವಿಷ ಸುರಿಯುತ್ತಿದ್ದ ಕಾಲದಲ್ಲಿ ಹುಟ್ಟಿದವನು. ಆಚೆಮನೆಯ ಬಟ್ಯನ ಮಗಳನ್ನೂ ಸೇರಿಸಿ ಆ ವಿಷ ಊರಿನ ಹಲವು ಮಕ್ಕಳ ಬದುಕು ತಿಂದಿತ್ತು. ಕಿನ್ನಿಯೂ ಅವರಲ್ಲೊಬ್ಬ ಎಂಬುದರಲ್ಲಿ ಯಾರಿಗೂ ಸಂಶಯವಿರಲಿಲ್ಲ. ಜಲಜಾಕ್ಷಿಗೆ ಶಾಪ ಹಾಕಲು ಒಂದು ಹೆಲಿಕಾಪ್ಟರ್ ಇತ್ತು. ಮಗನಿಗೆ ಕೊಡಲು ಹಾಲಿತ್ತು. ದನ ಕರೆದರೆ ಮೊದಲ ಲೋಟ ಕಿನ್ನಿಗೆ, ಕೋಳಿ ಇಟ್ಟ ಮೊಟ್ಟೆ ಕಿನ್ನಿಗೆ. ಪಾಪ, ಅವನ ತಲೆಗೆ ಶಕ್ತಿ ಬರಲಿ ಎನ್ನುತ್ತಿದ್ದಳು.

ಹೊಸದಾಗಿ ಬಂದ ಡಾಕ್ಟರಮ್ಮ ಮಾತ್ರ ಕಿನ್ನಿಯ ಬಿಳಿ ಮೈಯನ್ನು, ಕಂದು ಕೂದಲನ್ನು ತುಂಬಾ ಹೊತ್ತು ನೋಡಿದರು. ಎಷ್ಟು ಮೀಯಿಸಿದರೂ ಹೋಗದ ಇಲಿಯಂಥ ವಾಸನೆಯ ಬಗ್ಗೆ ಕೇಳಿದರು. ಅವನ ರಕ್ತ ತೆಗೆದರು, ಅಕ್ಕನದೂ ಬೇಕೆಂದರು. ನಿನ್ನ ಮದುವೆ ಯಾರೊಂದಿಗೆ ಎಂದಾಗ ಭವ್ಯ ನಾಚಿ, ಫೋನು ಮಾಡಿ ಹರಿನಾಥನನ್ನು ಅಂಗಡಿಯಿಂದ ಕರೆಸಿದ್ದಳು.

ತಿಂಗಳು ಕಳೆದು ಫಲಿತಾಂಶ ಕೇಳಲು ಇಬ್ಬರೇ ಹೋದರು. ಡಾಕ್ಟರಮ್ಮ ಮಲಯಾಳದಲ್ಲಿ ನಿಧಾನವಾಗಿ ಬಿಡಿಸಿ ಹೇಳಿದರು. ಬೇರೆ ಮಕ್ಕಳಿಗೆ ವಿಷ ತಟ್ಟಿದ್ದು ಹೌದು, ಕಿನ್ನಿಯದು ಬೇರೆ. ಇದು ತಂದೆ ತಾಯಿ ಇಬ್ಬರಿಂದಲೂ ಇಳಿದು ಬಂದದ್ದು. ಹಾಲು, ಮೊಟ್ಟೆ, ಮೀನು, ಬೇಳೆಗಳಲ್ಲಿರುವ ಒಂದು ಅಂಶವನ್ನು ಅವನ ದೇಹ ಅರಗಿಸಲಾರದು; ಅದು ರಕ್ತದಲ್ಲಿ ಉಳಿದು ಮಿದುಳನ್ನು ಹಾಳುಮಾಡುತ್ತದೆ. ಹುಟ್ಟಿದ ವಾರದಲ್ಲೇ ಗೊತ್ತಾಗಿ, ಅಳೆದು ಊಟ ಕೊಟ್ಟಿದ್ದರೆ ಎಲ್ಲರಂತೆ ಓದುತ್ತಿದ್ದ. ಈಗ ಕೊಟ್ಟರೆ ಸಿಟ್ಟಾದರೂ ಇಳಿದೀತು. ಇನ್ನೊಂದು ಮಾತು: ಆ ದೋಷದ ಒಂದೊಂದು ಪಾಲು ಭವ್ಯಳಲ್ಲೂ ಉಂಟು, ಹರಿನಾಥನಲ್ಲೂ ಉಂಟು. ಒಂದೇ ಪಾಲಿದ್ದರೆ ಏನೂ ಆಗದು, ಎರಡು ಸೇರಿದರೆ ಕಾಯಿಲೆ. ಇವರಿಗೆ ಹುಟ್ಟುವ ಪ್ರತಿ ಮಗುವಿಗೂ ಕಾಯಿಲೆ ಬರುವ ಸಾಧ್ಯತೆ ನಾಲ್ಕರಲ್ಲೊಂದು.

ಬಸ್ ಸ್ಟ್ಯಾಂಡಿನಲ್ಲಿ ಹರಿನಾಥ ಅವಳಿಗೊಂದು ಸೋಡಾ ಶರಬತ್ತು ತಂದುಕೊಟ್ಟ. ಅವಳು ಕುಡಿಯಲಿಲ್ಲ.

"ಮಗು ಹುಟ್ಟಿದ ಕೂಡಲೇ ಟೆಸ್ಟ್ ಮಾಡಿಸುವ," ಎಂದ. "ಇದ್ದರೆ ಅಳೆದು ಊಟ ಕೊಡುವ. ಶಾಲೆಗೂ ಹೋಗ್ತದೆ ಅಂತ ಡಾಕ್ಟರೇ ಹೇಳಿದ್ರಲ್ಲ?"

ಭವ್ಯ ಒಂದನೇ ಕ್ಲಾಸಿನ ಟೀಚರ್. ಮಕ್ಕಳು ಮೊದಲ ಸಲ ಅಕ್ಷರ ಕೂಡಿಸಿ ಓದುವುದನ್ನು ವರ್ಷವೂ ನೋಡುವವಳು.

"ಹೋಗ್ತದೆ. ಹಾಲು ಬಿಟ್ಟು ಬೆಳೆದ ಮಗು ಪುಸ್ತಕ ಹಿಡಿದು ಓದುದನ್ನು ಅಮ್ಮ ನೋಡ್ತಾಳೆ ಬಾವ. ಆವಾಗ ಕಿನ್ನಿಗೆ ತಾನು ಕೊಟ್ಟ ಹಾಲಿನ ಬಗ್ಗೆ ಅವಳಿಗೆ ಎಂತ ಗೊತ್ತಾಗ್ತದೆ ಹೇಳಿ."

ಅವನು ಅವಳ ಕೈಯ ಲೋಟವನ್ನು ತೆಗೆದುಕೊಂಡು ಅಂಗಡಿಗೆ ಹಿಂದಿರುಗಿಸಿದ.

ಹಾಲು, ಮೊಟ್ಟೆ, ಮೀನು, ಬೇಳೆ ಕಿನ್ನಿಯ ಮೈಗೆ ಆಗುವುದಿಲ್ಲ, ಬೇಡವಂತೆ ಎಂದಷ್ಟೇ ಮನೆಯಲ್ಲಿ ಹೇಳಿದರು. ಜಲಜಾಕ್ಷಿ ನಂಬಿದಳು. ಮಳೆಗಾಲ ಮುಗಿಯುವ ಹೊತ್ತಿಗೆ ಕಿನ್ನಿ ಕೈ ಕಚ್ಚಿಕೊಳ್ಳುವುದು ಕಡಿಮೆಯಾಯಿತು. ಆ ಸಂತೋಷದಲ್ಲಿ ಅವಳು ಮದುವೆಯ ಮಾತೆತ್ತಿದಳು. ನಾಳೆ ಕಿನ್ನಿಯನ್ನು ಹೊರಗಿನ ಅಳಿಯ ನೋಡಿಕೊಂಡಾನೇ? ಹರಿಯೇ ಆಗಬೇಕು. ಬರಿಯೂ ಬೇರೆ, ಇನ್ನು ಎಂತಕ್ಕೆ ತಡ ಎಂದು ದಿನವೂ ಕೇಳತೊಡಗಿದಳು. ಭವ್ಯ ಒಂದೊಂದು ನೆಪ ಹೇಳಿ ಸುಸ್ತಾದಳು.

"ನನಗೆ ಇಷ್ಟ ಇಲ್ಲ ಅಂತ ನಾನೇ ಹೇಳ್ತೇನೆ," ಎಂದ ಹರಿನಾಥ ಒಂದು ಸಂಜೆ, ಅಂಗಡಿಯ ಷಟರ್ ಅರ್ಧಕ್ಕೆ ಎಳೆದು ನಿಂತು. "ಅತ್ತೆ ನನಗೆ ಬೈಲಿ. ಅವರಿಗೆ ಹಾಲಿನ ವಿಷಯ ಗೊತ್ತಾಗುದು ಬೇಡ."

ಅವನು ಅಂಗೈಯ ಗ್ರೀಸನ್ನು ಬಟ್ಟೆಯಿಂದ ಒರೆಸುತ್ತಲೇ ಇದ್ದ, ಅಲ್ಲಿ ಗ್ರೀಸ್ ಉಳಿದಿರಲಿಲ್ಲ. ಭವ್ಯಳಿಗೆ ಅವನ ಮೇಲೆ ಅಷ್ಟು ಪ್ರೀತಿ ಹಿಂದೆಂದೂ ಉಕ್ಕಿರಲಿಲ್ಲ, ಅಷ್ಟು ಕೋಪವೂ.

"ನನಗೆ ನೀವು ಬೇಕು," ಎಂದಳು. ಬಾಲ್ಯದಿಂದ ಊರೆಲ್ಲ ಆಡಿದ ಮಾತನ್ನು ಅವಳು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. "ಸುಳ್ಳು ಹೇಳಿ ಬಿಟ್ಟು ಹೋಗ್ಬೇಡಿ. ಅಮ್ಮನಿಗೆ ನಾನು ಹೇಳ್ತೇನೆ."

ಆದಿತ್ಯವಾರ ಬೆಳಿಗ್ಗೆ ಜಲಜಾಕ್ಷಿ ಹೆರೆಮಣೆಯ ಮೇಲೆ ಕೂತು ಕಾಯಿ ಹೆರೆಯುತ್ತಿದ್ದಳು. ಭವ್ಯ ಎದುರು ಕೂತು ಎಲ್ಲವನ್ನೂ ಹೇಳಿದಳು. ಇದು ಯಾರ ತಪ್ಪೂ ಅಲ್ಲ, ಆ ಕಾಲದಲ್ಲಿ ಇಲ್ಲಿ ಯಾರಿಗೂ ಗೊತ್ತಿರಲಿಲ್ಲ ಎಂದು ಮತ್ತೆ ಮತ್ತೆ ಹೇಳಿದಳು. ಕಾಯಿ ಹೆರೆಯುವ ಸದ್ದು ನಿಂತಿತು.

"ಮೊಟ್ಟೆಯಾ?"

"ಹೌದಮ್ಮ."

"ದನದ ಹಾಲು?"

"ಹೌದು."

ಜಲಜಾಕ್ಷಿ ಕೈಯಲ್ಲಿದ್ದ ಕಾಯಿಯನ್ನು ಕೆಳಗಿಟ್ಟಳು. "ನನ್ನ ಹಾಲೂ?"

ಭವ್ಯ ಹೌದೆಂದು ತಲೆಯಾಡಿಸಿದಳು. ತಾಯಿ ಎದ್ದು ಕೈ ತೊಳೆದು, ಹೊರಗೆ ಜಗಲಿಯಲ್ಲಿ ಕೂತಳು. ಅಳಲಿಲ್ಲ. ಆಮೇಲೆ ಒಳಗೆ ಬರಲೂ ಇಲ್ಲ.

ಕಿನ್ನಿ ಉಣ್ಣುವುದು ತಾಯಿಯ ಕೈಯಿಂದ ಮಾತ್ರ. ಭವ್ಯ ಕೊಟ್ಟ ಗಂಜಿಯನ್ನು ಉಗುಳಿದ. ಮಧ್ಯಾಹ್ನದ ಹೊತ್ತಿಗೆ ಹಸಿವು ತಾಳದೆ ಕೂಗತೊಡಗಿದ. ಎಷ್ಟೋ ದಿನದ ಮೇಲೆ ಕೈ ಕಚ್ಚಿಕೊಂಡ. ಭವ್ಯ ಫೋನು ಮಾಡಿದಾಗ ಹರಿನಾಥ ಅಂಗಡಿ ಮುಚ್ಚಿ ಬಂದ. ರಕ್ತ ಕಂಡರೆ ತಲೆ ತಿರುಗುವ ಆ ಗಂಡಸು ಕಿನ್ನಿಯ ಕೈಯನ್ನು ಹಿಡಿದು ತೊಳೆದ, ಬಟ್ಟೆ ಸುತ್ತಿದ. ಮುಖ ಬಿಳಚಿಕೊಂಡಿತ್ತು, ಆದರೆ ಈ ಸಲ ಕಣ್ಣು ಮುಚ್ಚಲಿಲ್ಲ. ಇವನನ್ನು ಬಿಟ್ಟು ತಾನು ಬದುಕಲಾರೆ ಎಂದು ಭವ್ಯಳಿಗೆ ಅನಿಸಿದ್ದು ಆ ಅಡುಗೆಮನೆಯಲ್ಲಿ, ತಮ್ಮನ ಕೂಗಿನ ನಡುವೆ. ಅಂಥ ಹೊತ್ತಿನಲ್ಲಿ ಅನಿಸಿತಲ್ಲ ಎಂದು ನಾಚಿಕೆಯೂ ಆಯಿತು.

ಬಿಸಿಲು ಇಳಿದ ಮೇಲೆ ಜಲಜಾಕ್ಷಿ ಒಳಗೆ ಬಂದಳು. ಯಾರ ಮುಖವನ್ನೂ ನೋಡದೆ ಬಟ್ಟಲು ತೆಗೆದು ಹರಿನಾಥನ ಮುಂದೆ ಹಿಡಿದಳು.

"ಎಷ್ಟು ಹಾಕುದು ಅಂತ ತೋರಿಸು."

ಅವನು ಸೌಟಿನಲ್ಲಿ ಅಳೆದು ಗಂಜಿ ಬಡಿಸಿದ. ಅವಳು ಕಲಸಿ ತುತ್ತು ಮಾಡಿದಳು. ಕಿನ್ನಿ ಕೂಗು ನಿಲ್ಲಿಸಿ, ಅವಳ ಮುಖ ನೋಡುತ್ತಾ ಎಂದಿನ ನಂಬಿಕೆಯಲ್ಲಿ ಬಾಯಿ ತೆರೆದ. ಬಟ್ಟಲು ಖಾಲಿಯಾಯಿತು.

"ಮದುವೆ ಆಗಿ," ಎಂದಳು ಜಲಜಾಕ್ಷಿ, ಮಗನ ಬಾಯಿ ಒರೆಸುತ್ತಾ. "ನಾನು ಅಡ್ಡ ಬರುದಿಲ್ಲ. ನಾಳೆಯೇ ಅಣ್ಣನ ಹತ್ರ ಮಾತಾಡ್ತೇನೆ."

ಹರಿನಾಥ ಭವ್ಯಳ ಕೈ ಹಿಡಿದ, ಅತ್ತೆಯ ಎದುರಿನಲ್ಲೇ.

"ಒಂದೇ ಒಂದು ಮಾತು," ಎಂದು ಜಲಜಾಕ್ಷಿ ಮುಂದುವರಿಸಿದಳು. "ಮಗು ಆದ್ರೆ, ಅದಕ್ಕೆ ಆ ಕಾಯಿಲೆ ಇರಲಿ, ಇಲ್ಲದಿರಲಿ, ಅದರ ಬಾಯಿಗೆ ಎಂತದೂ ಕೊಡ್ಲಿಕ್ಕೆ ನನಗೆ ಹೇಳ್ಬೇಡಿ."

ಭವ್ಯ ಏನೋ ಹೇಳಲು ಬಾಯಿ ತೆರೆದಳು. ಜಲಜಾಕ್ಷಿ ಬಟ್ಟಲು ಎತ್ತಿಕೊಂಡು ತೊಳೆಯಲು ಹೋದಳು.