ಕೊಕ್ಕೆಹುಳು ಸಾಕಿದ ಮೇಷ್ಟ್ರು

ಬಸವೇಶ್ವರನಗರದ ಚನ್ನವೀರಪ್ಪ ಮೇಷ್ಟ್ರು ಉಬ್ಬಸ ಕಟ್ಟಿ ತೀರಿಕೊಂಡರೆಂಬ ಸುದ್ದಿ ಶನಿವಾರ ಬೆಳಿಗ್ಗೆ, ವೆಂಕಟಗಿರಿಯವರು ಪೂಜೆಗೆ ಹೂ ಬಿಡಿಸುತ್ತಿದ್ದಾಗ ಬಂತು. ಬುಟ್ಟಿ ಕೈಜಾರಿತು. ಮೂವತ್ತು ವರ್ಷ ಒಂದೇ ಕಾಲೇಜಿನಲ್ಲಿ ಪಾಠ ಹೇಳಿ, ಒಂದೇ ಬಸ್ಸಿನಲ್ಲಿ ಮನೆಗೆ ಬಂದ ಗೆಳೆಯರು ಅವರು.

ಮೇಷ್ಟ್ರದು ಪ್ರಾಣಿಶಾಸ್ತ್ರ. "ಗದಗಿನ ಹೊಲದಾಗ ಬರಿಗಾಲಲ್ಲಿ ಓಡಾಡುವಾಗ ಎಲ್ಲಿತ್ತಪಾ ಈ ಉಬ್ಬಸ? ಹೊಟ್ಯಾಗ ಹುಳ ಇದ್ವು, ಎದಿ ಹಗುರಿತ್ತು" ಅನ್ನುತ್ತಿದ್ದರು. ರುಜುವಾತಾಗದ ಚಿಕಿತ್ಸೆ ಎಂದು ಡಾಕ್ಟರು ಗದರಿದರೂ ಕೇಳದೆ, ಎರಡು ವರ್ಷದ ಹಿಂದೆ ಕೊಕ್ಕೆಹುಳುವಿನ ಮರಿಗಳನ್ನು ತೋಳಿನ ಚರ್ಮದ ಮೂಲಕ ಒಳಗೆ ಬಿಟ್ಟುಕೊಂಡಿದ್ದರು. ಆಮೇಲೆ ಉಬ್ಬಸ ಸುಳಿದಿರಲಿಲ್ಲ. ದಿನವೂ ತಮ್ಮ ಮಲವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಹುಳುವಿನ ಮೊಟ್ಟೆಗಳನ್ನು ಹುಡುಕಿ, ಆ ಗಾಜಿನ ಪಟ್ಟಿಗೆ ತಾರೀಖು ಅಂಟಿಸಿಡುವರು.

"ಬಾಡಿಗೆದಾರರು ಕ್ಷೇಮವೇ?" ಎಂದು ವೆಂಕಟಗಿರಿ ಛೇಡಿಸುವರು. ಹೋದ ತಿಂಗಳು ಮಾತ್ರ, "ಮನಿ ಖಾಲಿ ಮಾಡಿದ್ರಪಾ" ಎಂದು ಮೇಷ್ಟ್ರು ನಕ್ಕಿದ್ದರು.

ಹನ್ನೊಂದನೆಯ ದಿನದ ಕಾರ್ಯ ಮುಗಿದಿತ್ತು. ಅಡುಗೆಮನೆಯಲ್ಲಿ ಸಕ್ಕರೆ ಡಬ್ಬದ ಹಿಂದೆ ಜಂತುಹುಳುವಿನ ಮಾತ್ರೆಯ ಖಾಲಿ ಪಟ್ಟಿ ಸಿಕ್ಕಿ, ಮಗ ಸಿದ್ದಲಿಂಗೇಶ್ ಹೆಂಡತಿ ಹೇಮಶ್ರೀಯ ಮೇಲೆ ಎಗರಿದ.

"ಹುಳ ಕಂಡ್ರೆ ಅಸಹ್ಯ ಪಡ್ತಿದ್ದವಳು ನೀನು! ಅಡುಗೆ ಮಾಡೋಳೂ ನೀನೇ! ಅಪ್ಪನಿಗೆ ಗೊತ್ತಿಲ್ಲದಂಗೆ ಮಾತ್ರೆ ಬೆರೆಸಿದ್ದೀಯ! ನಡಿ ನಿಮ್ಮಮ್ಮನ ಮನೆಗೆ."

"ಅಸಹ್ಯ ಪಟ್ಟಿದ್ದು ನಿಜ ರೀ. ಅದಕ್ಕೆ ಮಾವನಿಗೆ ಮೋಸ ಮಾಡ್ತೀನಾ?"

ಮಹಡಿಯ ಜಗದಾಂಬಾ ಕೆಳಗಿಳಿದು ಬಂದರು. ಲ್ಯಾಬ್ ಕೆಲಸದಿಂದ ನಿವೃತ್ತರಾದವರು. ಬೀದಿಯಲ್ಲಿ ಏನೇ ಕಳವಾದರೂ ಪತ್ತೆ ಹಚ್ಚುವವರು ಅವರೇ, ಜೊತೆಗೆ ವೆಂಕಟಗಿರಿ. ಮಧ್ಯಾಹ್ನವೆಲ್ಲ ಮೇಷ್ಟ್ರ ಗಾಜುಗಳನ್ನು ನೋಡಿ, ಒಂದೇ ಪ್ರಶ್ನೆ ಕೇಳಿದರು: "ಸೋಮವಾರ ಮೇಷ್ಟ್ರು ಏನು ತಿಂತಿದ್ರು?"

"ಉಪವಾಸ. ಪೂಜೆ ಆದ್ಮೇಲೆ ಕಸ್ತೂರೆವ್ವ ಕೊಡೋ ಪ್ರಸಾದ ಬಿಟ್ರೆ ಏನೂ ಇಲ್ಲ" ಎಂದಳು ಹೇಮಶ್ರೀ.

ಕಸ್ತೂರೆವ್ವ ಮೇಷ್ಟ್ರ ಅಕ್ಕ. ತಮ್ಮನನ್ನು ಎತ್ತಿ ಆಡಿಸಿದವರು.

ಸಂಜೆ ಎಲ್ಲರನ್ನೂ ನಡುಮನೆಯಲ್ಲಿ ಕೂರಿಸಿ ಜಗದಾಂಬಾ ಹೇಳಿದರು: "ಹೋದ ತಿಂಗಳ ಕೊನೇ ಸೋಮವಾರ ಬೆಳಗಿನ ಗಾಜಿನಲ್ಲೂ ಮೊಟ್ಟೆ ತುಂಬಿವೆ. ಮಂಗಳವಾರದಿಂದ ಒಂದೂ ಇಲ್ಲ. ಮಾತ್ರೆ ಒಳಗೆ ಹೋಗಿದ್ದು ಸೋಮವಾರ. ಅವತ್ತು ಹೇಮಶ್ರೀ ಮಾಡಿದ್ದು ಅವರ ಬಾಯಿಗೇ ಹೋಗಿಲ್ಲ. ಸಿದ್ದಲಿಂಗೇಶ್, ಪ್ರಸಾದಕ್ಕೆ ಹುರಿಗಡಲೆ ಪುಡಿ ಮಾಡೋವಾಗ ಸಕ್ಕರೆ ಡಬ್ಬ ತೆಗೆಯೋರು ಯಾರಪ್ಪ?"

ಕಸ್ತೂರೆವ್ವ ಸೆರಗಿನಿಂದ ಕಣ್ಣೊರೆಸಿಕೊಂಡರು. "ನನ್ನ ತಮ್ಮನ ಹೊಟ್ಯಾಗ ಹುಳ ಅಂದ್ರ ನಾ ಹ್ಯಾಂಗ ಸುಮ್ನಿರ್ಲಿ? ಮಾತ್ರಿ ಕೊಟ್ರ ಬ್ಯಾಡ ಅಂತಾನ. ಪ್ರಸಾದ ಒಲ್ಲೆ ಅನ್ನೂದಿಲ್ಲ ಅಂತ ಅದರಾಗ ಅರದ್ಹಾಕಿದೆ. ನಾನ ಕೊಂದ್ನೇನವ್ವಾ?"

"ಮಾತ್ರೆಯಿಂದಲೇ ಉಬ್ಬಸ ಮರಳಿತು ಅಂತ ಡಾಕ್ಟರೂ ಹೇಳಲಾರರು" ಎಂದರು ಜಗದಾಂಬಾ. "ಆದ್ರೆ ಮೇಷ್ಟ್ರಿಗೆ ಮಂಗಳವಾರವೇ ಗೊತ್ತಾಗಿತ್ತು. ಸೋಮವಾರ ಏನು ತಿಂದೆ ಅಂತ ಅವರಿಗೆ ತಿಳಿಯದೇ? ನಿಮ್ಮ ಹೆಸರು ಬರಬಾರದು ಅಂತ ನಕ್ಕು ಸುಮ್ಮನಾದರು."

ಸಿದ್ದಲಿಂಗೇಶ್ ತಲೆ ತಗ್ಗಿಸಿ "ತಪ್ಪಾಯ್ತು ಕಣೇ" ಎಂದ. ಹೇಮಶ್ರೀ ಎದ್ದು ಹೋಗಿ ಕಸ್ತೂರೆವ್ವನ ಪಕ್ಕ ಕೂತು, ಅವರ ಕೈಯನ್ನು ತನ್ನ ಮಡಿಲಿಗೆ ತೆಗೆದುಕೊಂಡಳು.

ವೆಂಕಟಗಿರಿಯವರು ಗೆಳೆಯನ ಪಟದ ಮುಂದೆ ಕೈಮುಗಿದು ನಿಂತರು. ಶಿವನೇ, ಅಕ್ಕನ ತಪ್ಪನ್ನು ನುಂಗಿಕೊಂಡು ಹೋದ ಈ ಜೀವವನ್ನು ನಿನ್ನ ಪಾದದಲ್ಲಿ ಇಟ್ಟುಕೋ. ಅಲ್ಲಿ ಅವನಿಗೆ ಉಸಿರು ಸಲೀಸಾಗಿರಲಿ.